ಅಕ್ಕರತಿ ಇದ್ರ ಒಳಗ ಕರೀತಿದ್ಳು

ಮೊನ್ನೆ ನಮ್ಮ ಹುಣಸಗಿ ಸೀಮಿಯ ಒಂದು ಹಳ್ಳಿಯೊಳಗ ಶಾಂತಿ ಸಭೆ ಇತ್ತು. ಊರ ಹೆಸರು ಬರೆಯೋದಿಲ್ಲ, ಆ ಹುಡುಗ ಇನ್ನೂ ಅಲ್ಲೇ ಬದುಕಬೇಕು. ಡಿಗ್ರಿ ಓದೋ ಹುಡುಗ, ಹಬ್ಬಕ್ಕ ಊರಿಗೆ ಬಂದಿದ್ದ. ಚಾದ ಹೋಟೆಲಿಗೆ ಹೋಗಿ ಕುಂತ. ಎಲ್ಲಾರಿಗೂ ಗಾಜಿನ ಗ್ಲಾಸು, ಇವನಿಗೆ ಮೂಲ್ಯಾಗ ಬೋರಲು ಹಾಕಿದ್ದ ಪ್ಲಾಸ್ಟಿಕ್ ಲೋಟ. "ನನಗೂ ಗ್ಲಾಸಿನಾಗ ಕೊಡ್ರಿ" ಅಂದ. ಅಷ್ಟೇ. ಮಾತಿಗೆ ಮಾತು ಬೆಳೀತು, ಕೈ ಕೈ ಹತ್ತಿದವು, ಹುಡುಗನ ಅಂಗಿ ಹರೀತು. ಕೇರಿಯವರು ಠಾಣೆಗೆ ಹೊಂಟ್ರು. ಹೋಗೋದ್ರೊಳಗ ಹಿರಿಯರು ಸೇರಿ "ಕುಂತು ಮಾತಾಡೂಣು" ಅಂದ್ರು. ಶಾಂತಿ ಸಭೆ ಅಂದ್ರ ನಿಮಗ ಗೊತ್ತಲ್ಲ, ಹೊಡೆತ ತಿಂದವರನ್ನ ಶಾಂತ ಮಾಡೋ ಸಭೆ.

ಆ ಸಭೆಯೊಳಗ ಒಬ್ಬ ಹಿರಿಯರು ಎದ್ದು ನಿಂತು ಹೇಳಿದ್ರು: "ಏನ್ರೀ ಇದು? ನಾವು ನೀವು ಮುತ್ಯಾನ ಕಾಲದಿಂದ ಅಕ್ಕರತಿಲೆ ಬಾಳೇವಿ ಮಾಡಿದವರು. ನಿಮ್ಮ ಮನಿ ಕಷ್ಟ ಸುಖಕ್ಕ ನಾವು ಆಗೀವಿ, ನಮ್ಮ ಮನಿ ಕೆಲಸಕ್ಕ ನೀವು ಆಗೀರಿ. ಈ ಕೇಸು, ಕಾನೂನು, ಮೊಬೈಲು ಬಂದು ಅಕ್ಕರತಿ ಹಾಳಾತು ನೋಡ್ರಿ."

ಸಭೆಯೆಲ್ಲಾ ಹೌದು ಹೌದು ಅಂತು. ನಮ್ಮ ಕೇರಿಯ ಇಬ್ಬರು ವಯಸ್ಸಾದವರೂ ತಲಿ ಅಳ್ಳಾಡಿಸಿದ್ರು. ನಾನು ಮಾತಾಡೋಕೆ ಎದ್ದವನು ಒಂದು ಗಳಿಗೆ ಸುಮ್ಮನಾದೆ. ಅಟ್ರಾಸಿಟಿ ಕಾಯ್ದೆ ಬಗ್ಗೆ ಹೇಳೋದು ಬಾಯಿಪಾಠ ಅದ, 1955ರ ನಾಗರಿಕ ಹಕ್ಕುಗಳ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ, ಎಷ್ಟು ಸಭೆಯೊಳಗ ಹೇಳೀನಿ. ಆದರ ಆ ಮನುಷ್ಯ ಬಳಸಿದ್ದು ಕಾನೂನಿನ ಶಬ್ದ ಅಲ್ಲ. ನಮ್ಮ ಆಯಿಯ ಶಬ್ದ. ಅದನ್ನ ಆತನ ಬಾಯಾಗ ಕೇಳಿ ಹೊಟ್ಟೆಯೊಳಗ ಏನೋ ಕಲಸಿದಂಗಾತು. ಮನಿಗೆ ಬಂದು ಎರಡು ದಿನ ಅದೇ ತಲ್ಯಾಗ. ಅದಕ್ಕ ಇದನ್ನ ಬರೀಲಿಕ್ಕೆ ಕುಂತೀನಿ. ಉದ್ದ ಆಗ್ತದ, ಪುರುಸೊತ್ತಿದ್ದಾಗ ಓದ್ರಿ.

ಬೆಂಗಳೂರು ಕಡೆ ಇದನ್ನು ಅಕ್ಕರೆ ಅಂತಾರೆ. ಸಕ್ಕರೆಗೆ ಪ್ರಾಸ ಕೂಡ್ತದ ಅಂತ ಮದುವೆ ಕಾರ್ಡಿನಲ್ಲಿ, ಹಾಡಿನಲ್ಲಿ, ಮಿಠಾಯಿ ಅಂಗಡಿ ಬೋರ್ಡಿನಲ್ಲಿ ಸಿಗ್ತದ. ನಮ್ಮ ಕಡೆ ಅದು ಅಕ್ಕರತಿ. ನಮ್ಮ ಆಯಿ ಈ ಮಾತನ್ನ ದಿನಕ್ಕ ನಾಕು ಸಲ ಬಳಸ್ತಿದ್ಳು. ತವರಿಗೆ ಬಂದ ಮಗಳ ತಲಿಗೆ ಎಣ್ಣಿ ಹಚ್ಚೋದು ಅಕ್ಕರತಿ. ತಾಯಿ ಸತ್ತ ಆಡಿನ ಮರಿಗೆ ಬತ್ತಿ ಮಾಡಿ ಹಾಲು ಕುಡಿಸೋದು ಅಕ್ಕರತಿ. ಕಟಗ ರೊಟ್ಟಿಯನ್ನ ಸಾರಿನಾಗ ನೆನೆಸಿ, ಹಲ್ಲಿಲ್ಲದ ಮುತ್ಯಾನ ಮುಂದ ಇಡೋದು ಅಕ್ಕರತಿ. ಅಕ್ಕರತಿಲೆ ಕರದ್ಳು, ಅಕ್ಕರತಿಲೆ ಬೈದ್ಳು. ಹೌದು, ಬೈಯೋದಕ್ಕೂ ಬರ್ತಿತ್ತು. ನನ್ನನ್ನ ಆಕಿ ಒಂದು ದಿನನೂ ಪೂರ್ತಿ ಹೆಸರು ಹಿಡಿದು ಕರೆದಾಕಿ ಅಲ್ಲ, "ಬಾರಲೇ ನನ್ನ ಅಪ್ಪಾ" ಅಂತಿದ್ಳು. ಒಂದೇ ಉಸಿರಿನಾಗ ಲೇ ಅನ್ನೋದು, ಅಪ್ಪಾ ಅನ್ನೋದು. ಮೊಮ್ಮಗ ಅಪ್ಪ ಆಗ್ತಾನ, ಮೊಮ್ಮಗಳು ಅವ್ವ ಆಗ್ತಾಳ. ಈ ಕಡೆ ಹುಟ್ಟಿದವರಿಗೆ ಇದು ಹೇಳಬೇಕಾಗಿಲ್ಲ.

ಆದರ ಅದೇ "ಲೇ" ಗೌಡರ ಕಟ್ಟಿ ಮ್ಯಾಲಿಂದ ಬಂದಾಗ ಏನಾಗ್ತಿತ್ತು? ನಮ್ಮ ಕೇರಿಯೊಳಗ ದುರ್ಗಪ್ಪ ಅಂತ ಹೆಸರಿಟ್ಟ ಕೂಸು ಊರೊಳಗ ದುರ್ಗ್ಯಾ ಆಗ್ತಿತ್ತು. ಮಲ್ಲಪ್ಪ ಮಲ್ಲ್ಯಾ, ಯಲ್ಲಮ್ಮ ಯಲ್ಲಿ. ಹೆಸರಿನ ಹಿಂದಿನ "ಅಪ್ಪ", "ಅಮ್ಮ" ಇವೆರಡನ್ನು ಮಾತ್ರ ಹುಷಾರಾಗಿ ಕತ್ತರಿಸೋರು. ಮನಿಯೊಳಗ ತಾಯಿ ದುರ್ಗ್ಯಾ ಅಂದ್ರ ಅದು ಮುದ್ದು. ಊರೊಳಗ ಅಂದ್ರ ಅದು ಜಾತಿ ಸರ್ಟಿಫಿಕೇಟು. ಎಪ್ಪತ್ತು ದಾಟಿದ ನಮ್ಮ ಮುತ್ಯಾ ಹತ್ತು ವರ್ಷದ ಹೊಲದೊಡೆಯನ ಮಗನಿಗೆ "ಎಪ್ಪಾ, ಹೇಳ್ರಿ ಎಪ್ಪಾ" ಅಂತಿದ್ದ. ಆ ಹುಡುಗ "ಏ, ಬಾ ಇಲ್ಲಿ" ಅಂತಿದ್ದ. ಇಬ್ಬರಿಗೂ ಅದರಾಗ ತಪ್ಪೇನೂ ಕಾಣ್ತಿದ್ದಿಲ್ಲ. ನೋಡಿ, ನಾವು ಕೊಟ್ಟ "ಅಪ್ಪ" ಒಂದೂ ವಾಪಸ್ ಬರಲಿಲ್ಲ.

ಈಗ ಸ್ವಲ್ಪ ಶಬ್ದದ ಹಿಂದಕ್ಕ ಹೋಗೋಣ. ನಾನು ಭಾಷಾ ಪಂಡಿತ ಅಲ್ಲ, ಎಂ.ಎ. ಓದೋವಾಗ ಹಳಗನ್ನಡ ಕಷ್ಟಪಟ್ಟು ಪಾಸು ಮಾಡಿದವನು. ಆದರೆ ಆಗ ಓದಿದ್ದರಲ್ಲಿ ಒಂದು ವಿಷಯ ಮಾತ್ರ ಇವತ್ತಿಗೂ ಮರೆತಿಲ್ಲ. ಹಳಗನ್ನಡದಲ್ಲಿ ಅಕ್ಕರ ಅಂದರೆ ಎರಡು. ಒಂದು, ಸಂಸ್ಕೃತದ ಅಕ್ಷರ ಕನ್ನಡದ ಬಾಯಿಗೆ ಬಂದು ಅಕ್ಕರ ಆಗಿದ್ದು. ಓದು ಬಲ್ಲವನನ್ನು ಅಕ್ಕರಿಗ ಅಂತಿದ್ದರು. ಹತ್ತನೇ ಶತಮಾನದ ನಾಗವರ್ಮ ಛಂದೋಂಬುಧಿಯಲ್ಲಿ ಹೇಳುವ ಪಿರಿಯಕ್ಕರ, ಕಿರಿಯಕ್ಕರ ಮೊದಲಾದ ಕನ್ನಡದ ಛಂದಸ್ಸುಗಳಿಗೂ ಅಕ್ಕರ ಅಂತಲೇ ಹೆಸರು. ಇನ್ನೊಂದು, ಪ್ರೀತಿ ಅನ್ನುವ ಅರ್ಥದ ಅಚ್ಚ ದ್ರಾವಿಡ ಮಾತು. ಇದನ್ನು ಬರೆಯುವಾಗ ಸಾದಾ ರ ಅಲ್ಲ, ಱ ಹಾಕಬೇಕಿತ್ತು, ಬಂಡಿ ರ, ಪಂಡಿತರ ಭಾಷೆಯಲ್ಲಿ ಶಕಟರೇಫ. ಆ ಬಂಡಿ ರ ಕನ್ನಡದಿಂದ ಕಾಲಕ್ರಮದಲ್ಲಿ ಹೊರಟುಹೋಯಿತು. ಹೋದ ಮೇಲೆ ಎರಡೂ ಮಾತಿನ ಮೈ ಒಂದೇ ಆಯಿತು. ಅಕ್ಷರವೂ ಅಕ್ಕರ, ಪ್ರೀತಿಯೂ ಅಕ್ಕರ.

ಇದು ಬರೀ ಆಕಸ್ಮಿಕ ಅಂತ ಗೊತ್ತು. ಇದರ ಮೇಲೆ ಸಿದ್ಧಾಂತ ಕಟ್ಟೋದಿಲ್ಲ. ಆದರೂ ಎರಡನ್ನೂ ಒಟ್ಟಿಗೆ ಕಳಕೊಂಡ ಜನಕ್ಕೆ ಈ ಆಕಸ್ಮಿಕ ಸುಮ್ಮನೆ ದಾಟಿ ಹೋಗೋದಿಲ್ಲ.

ಅಕ್ಕಪಕ್ಕದ ಭಾಷೆ ನೋಡಿದರೆ ಇನ್ನೊಂದು ಮಜಾ ಅದ. ತಮಿಳಿನಲ್ಲಿ ಇದೇ ಮಾತು ಅಕ್ಕರೈ, ಅರ್ಥ ಕಾಳಜಿ, ಆಸ್ಥೆ. ತೆಲುಗಿನಲ್ಲಿ ಅಕ್ಕರ ಅಂದರೆ ಬೇಕಾಗುವಿಕೆ, ಅಗತ್ಯ. ನಮ್ಮ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಹೋದ್ರ ಮನಿಮನಿಯೊಳಗ ತೆಲುಗು ಕೇಳ್ತದ. ಅಲ್ಲಿಯ ಗೆಳೆಯರು ಏನಾದ್ರೂ ಬ್ಯಾಡ ಅನ್ನೋವಾಗ "ಅಕ್ಕರ್ಲೇದು" ಅಂತಾರ. ಅಗತ್ಯ ಇಲ್ಲ ಅಂತ. ಮೊದಲ ಸಲ ಕೇಳಿದಾಗ ನನಗ ಪ್ರೀತಿ ಇಲ್ಲ ಅಂದಂಗ ಕೇಳಿಸಿತ್ತು, ನಕ್ಕಿದ್ದೆ. ಶಾಂತಿ ಸಭೆ ಆದ ಮ್ಯಾಲ ನಗು ಬರಲಿಲ್ಲ. ಆ ಹಿರಿಯರು ಹೇಳಿದ ಮುತ್ಯಾನ ಕಾಲದ ಅಕ್ಕರತಿ ಕನ್ನಡದ್ದೋ ತೆಲುಗಿನದೋ ಅಂತ ವಿಚಾರ ಮಾಡಕತ್ತೀನಿ.

ಮುತ್ಯಾನ ಕಾಲದ ಲೆಕ್ಕ ತೆಗೀರಿ. ಮಾದಿಗರ ಒಂದೊಂದು ಮನಿಗೆ ಊರೊಳಗಿನ ಕೆಲವು ಮನಿಗಳು ಹಂಚಿಕೆ ಆಗಿದ್ದವು. ಬಾವಿಯಿಂದ ನೀರೆತ್ತೋ ತೊಗಲ ಮೊಟ್ಟಿ ಹೊಲೀಬೇಕು, ಮಿಣಿ ಹೊಸೀಬೇಕು, ಬಾರುಕೋಲು, ಎತ್ತಿನ ಕೊರಳಪಟ್ಟಿ, ಗೌಡ ಗೌಡ್ತಿ ಕಾಲಿಗೆ ಕೆರವು. ದನ ಸತ್ರ ಹೊತಗೊಂಡು ಹೋಗಬೇಕು. ಹಬ್ಬ ಜಾತ್ರಿಗೆ ಹಲಗಿ ಬಾರಿಸಬೇಕು. ಸಾವಿನ ಸುದ್ದಿ ಹತ್ತು ಹರದಾರಿ ನಡಕೊಂಡು ಮುಟ್ಟಿಸಬೇಕು. ಇದಕ್ಕೆಲ್ಲ ಕೂಲಿ ಅನ್ನೋದಿಲ್ಲ. ರಾಶಿ ಆದ ಮ್ಯಾಲ ಕಣದಾಗ ಆಯ. ಜೋಳ ಅಳೆಯೋವರೆಗೂ ಕಣದ ಹೊರಗ ಕುಂತು ಕಾಯಬೇಕು. ಕಾಳು ಕೊಡೋವಾಗ ಗೌಡರ ಮನಸ್ಸು ಹ್ಯಾಂಗಿರ್ತದೋ ಹಾಂಗ. ಒಂದು ಸೇರು ಹೆಚ್ಚು ಬಿತ್ತು ಅಂದ್ರ ಅದೇ ಅಕ್ಕರತಿ. ಹೊಲದ ಮ್ಯಾಲ ಸಾಲ ಎತ್ತಿದವನ ಮಗ ಜೀತಕ್ಕ. ಜೀತ ಪದ್ಧತಿ ರದ್ದಾಗಿದ್ದು 1976ರಲ್ಲಿ, ಕಾಗದದ ಮೇಲೆ.

ಆಮ್ಯಾಲ ಬಾವಿಗೆ ಪಂಪ್‌ಸೆಟ್ ಬಂತು. ತೊಗಲ ಮೊಟ್ಟಿ ಅಟ್ಟ ಸೇರ್ತು. ಅಂಗಡಿಗೆ ರಬ್ಬರ್ ಚಪ್ಪಲಿ ಬಂತು, ಎತ್ತಿನ ಜಾಗಕ್ಕ ಟ್ರ್ಯಾಕ್ಟರ್ ಬಂತು. ಒಂದೊಂದು ವಸ್ತು ಬಂದಾಗೂ ಅಕ್ಕರತಿ ಒಂದೊಂದು ಸೇರು ಕಡಿಮಿ ಆತು. ಮೊಬೈಲಿನಿಂದ ಹಾಳಾಗಿದ್ದಲ್ಲ, ಹಿರಿಯರೇ. ಅದು ಹಾಳಾಗಿದ್ದು ಮೋಟರಿನಿಂದ. ಅಕ್ಕರ್ಲೇದು ಅಂದಂಗಾತು.

ಇದಕ್ಕ ಉಲ್ಟಾ ಸಾಕ್ಷಿನೂ ನಮ್ಮ ಊರಾಗೇ ಅದ. ನಾರಾಯಣಪುರದ ಆಣೆಕಟ್ಟು, ಬಸವಸಾಗರ, ಮುಗಿದಿದ್ದು 1982ರಲ್ಲಿ. ಎಡದಂಡೆ ಕಾಲುವೆ ನೀರು ಹರಿದ ಮೇಲೆ ಜೋಳ ಬೆಳೆಯೋ ನೆಲದಲ್ಲಿ ಭತ್ತ ಬಂತು. ಭತ್ತ ನಾಟಿ ಮಾಡೋಕೆ ಟ್ರ್ಯಾಕ್ಟರ್ ಸಾಲದು, ಹೆಣ್ಣುಮಕ್ಕಳ ಕೈ ಬೇಕು. ನಾಟಿ ಕಾಲಕ್ಕ ನಸುಕಿನಾಗ ನಮ್ಮ ಕೇರಿ ಬಾಯಿಗೆ ಟಂಟಂ ಬಂದು ನಿಲ್ತದ. "ಅಕ್ಕಾ, ನಾಳೆ ತಪ್ಪಬ್ಯಾಡ್ರಿ. ಅವ್ವಾ, ಇನ್ನೊಬ್ಬರನ್ನ ಕರಕೊಂಡು ಬರ್ರಿ." ಯಲ್ಲಿ ಇದ್ದಾಕಿ ಯಲ್ಲಮ್ಮಕ್ಕ ಆಗ್ಯಾಳ! ನಾಟಿ ಮುಗಿದ ವಾರಕ್ಕ ಮತ್ತ ಯಲ್ಲಿ. ಶಬ್ದಕ್ಕೂ ಹಂಗಾಮು ಇರ್ತದ ಅಂತ ನನಗ ಕಲಿಸಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಈ ಟಂಟಂ.

ಮೇಲಿನವರ ಪ್ರೀತಿ ಇತಿಹಾಸದಲ್ಲಿ ದಾಖಲಾಗೋದಕ್ಕೆ ನಮ್ಮ ಸುರಪುರದಷ್ಟು ಚೊಲೊ ಉದಾಹರಣೆ ಸಿಗೋದಿಲ್ಲ. ಸುರಪುರದ ಬೇಡ ದೊರೆ ರಾಜಾ ವೆಂಕಟಪ್ಪ ನಾಯಕ ಹುಡುಗನಾಗಿದ್ದಾಗ ಸಂಸ್ಥಾನ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಇಲ್ಲಿದ್ದ. ಗುಡ್ಡದ ಮೇಲೆ ಆತ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಈಗಲೂ ಅದ. ಆ ಹುಡುಗ ದೊರೆ ಟೇಲರನನ್ನು "ಅಪ್ಪಾ" ಅಂತ ಕರೀತಿದ್ದ. ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾನೆ, ಅದು ಅವನು ಸತ್ತ ಮೇಲೆ 1877ರಲ್ಲಿ ಪ್ರಕಟವಾಯಿತು. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ, ಸೋತ, ಸೆರೆ ಸಿಕ್ಕ. ಮರಣದಂಡನೆ ಆಗಿ, ಅದು ಕಡಿಮೆಯೂ ಆಗಿ, ಕೊನೆಗೆ ಶಿಕ್ಷೆಗೆ ಕರೆದೊಯ್ಯುವ ದಾರಿಯಲ್ಲೇ ಗುಂಡು ತಗುಲಿ ಸತ್ತ. ಸುರಪುರವನ್ನು 1860ರಲ್ಲಿ ಬ್ರಿಟಿಷರು ನಿಜಾಮನಿಗೆ ಕೊಟ್ಟರು. ಅಪ್ಪ ಅಂತ ಕರೆಸಿಕೊಂಡವನಿಗೆ ದುಃಖ ಆಗಿದ್ದು ಸುಳ್ಳಲ್ಲ ಅಂತ ನನ್ನ ನಂಬಿಕೆ, ಪುಸ್ತಕ ಓದಿದರೆ ಗೊತ್ತಾಗ್ತದ. ಆದರೆ ಆ ದುಃಖ ರಾಜ್ಯವನ್ನು ತಿರುಗಿ ಕೊಡಲಿಲ್ಲ. ಒಬ್ಬ ದೊರೆಯ "ಅಪ್ಪಾ"ಗೇ ಇಷ್ಟು ಬೆಲೆ ಇದ್ದರೆ, ಕಣದ ಹೊರಗೆ ಕುಂತು ಎಪ್ಪಾ ಅಂದ ನಮ್ಮ ಮುತ್ಯಾನ ಮಾತನ್ನ ಯಾವ ಪುಸ್ತಕ ಬರಕೊಳ್ತದ?

ಪುಸ್ತಕ ಅಂದ್ರ ಅಕ್ಕರ. ಅಲ್ಲಿಗೆ ಬರ್ತೀನಿ.

ನಮ್ಮಿಂದ ದೂರ ಏನಿಲ್ಲ, ಸೇಡಂ ತಾಲೂಕಿನ ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಒಂಬತ್ತನೇ ಶತಮಾನದಲ್ಲಿ ಆ ಅರಮನೆಯ ನೆರಳಲ್ಲಿ ಬಂತು. ಕನ್ನಡ ನಾಡಿನ ಜನ ಓದದೇ ಇದ್ದರೂ ಕಾವ್ಯ ಬಲ್ಲವರು ಅಂತ ಅದು ಹೊಗಳುತ್ತದೆ. ರಾಜ್ಯೋತ್ಸವ ಬಂದರೆ ಪ್ರತಿ ವೇದಿಕೆ ಮೇಲೂ ಈ ಮಾತು ಬರ್ತದ, ಚಪ್ಪಾಳಿ ಬೀಳ್ತಾವ. ನನಗೂ ಹೆಮ್ಮೆಯೇ. ಆದರೆ ಆ ಜನ ಯಾಕ ಓದಲಿಲ್ಲ, ಓದೋಕೆ ಯಾರು ಬಿಡಲಿಲ್ಲ ಅಂತ ಆ ಗ್ರಂಥವೂ ಕೇಳಲಿಲ್ಲ, ಚಪ್ಪಾಳಿ ತಟ್ಟಿದವರೂ ಕೇಳೋದಿಲ್ಲ.

ನಮ್ಮ ಮುತ್ಯಾ ಅಂಥವನೇ. ಒಂದು ಅಕ್ಷರ ಬರ್ತಿದ್ದಿಲ್ಲ. ಏಕತಾರಿ ಹಿಡಿದು ಕುಂತರ ಬೆಳ್ಳಿ ಚಿಕ್ಕಿ ಮೂಡೋತನ ತತ್ವಪದ ಹಾಡ್ತಿದ್ದ. ಜೇವರ್ಗಿ ಕಡೆಯ ಕಡಕೋಳ ಮಡಿವಾಳಪ್ಪನ ಪದಗಳು, ಆತನ ಶಿಷ್ಯ ಚೆನ್ನೂರ ಜಲಾಲಸಾಹೇಬನ ಪದಗಳು. ಆ ಗುರು ಪರಂಪರೆಯೊಳಗ ಮುಸಲ್ಮಾನರು ಇದ್ದರು, ಹೆಣ್ಣುಮಕ್ಕಳು ಇದ್ದರು, ಅದಕ್ಕೇ ಆ ಪದ ನಮ್ಮ ಕೇರಿಗೂ ಬಂದವು. ಭಜನಿಗೆ ಮ್ಯಾಲಿನ ಓಣಿಯವರೂ ಬರ್ತಿದ್ರು, ಆದರ ಕಂಬಳಿ ಬ್ಯಾರೆ ಹಾಸ್ತಿದ್ರು. ಪದ ಒಂದೇ, ಕಂಬಳಿ ಎರಡು.

ನಮ್ಮಪ್ಪ ಸಾಲಿಗೆ ಹೋಗಿದ್ದು ಹೈದರಾಬಾದ್ ಸಂಸ್ಥಾನ ಭಾರತಕ್ಕ ಸೇರಿದ ಮ್ಯಾಲ. 1948ರ ಸೆಪ್ಟೆಂಬರ್ 17ಕ್ಕ ಸಂಸ್ಥಾನ ಬಿತ್ತು, 1956ರ ನವೆಂಬರ್ 1ಕ್ಕ ನಾವು ಕರ್ನಾಟಕ ಆದೆವು. ಅದಕ್ಕೂ ಮೊದಲು ಸಂಸ್ಥಾನದೊಳಗ ಸರ್ಕಾರಿ ಕೆಲಸದ ಭಾಷೆ ಉರ್ದು. ಕನ್ನಡ ಕಲಿಯೋದೇ ಊರಿನ ಉಳ್ಳವರಿಗೆ ಕಷ್ಟ ಇತ್ತು, ನಮ್ಮ ಪಾಡೇನು ಕೇಳ್ತೀರಿ. ದಲಿತರ ಮಕ್ಕಳಿಗೆ ಅಂತ ಭಾಗ್ಯರೆಡ್ಡಿ ವರ್ಮ ಹೈದರಾಬಾದ್ ಪಟ್ಟಣದಲ್ಲಿ ಸಾಲಿ ತೆರೆದಿದ್ದರು, ನಮ್ಮ ಹಳ್ಳಿಗಳಿಗೆ ಆ ಗಾಳಿ ಮುಟ್ಟಲಿಲ್ಲ. ಬಾಬಾಸಾಹೇಬರು 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆದರು, ಅದೂ ಆಗ ಹೈದರಾಬಾದ್ ರಾಜ್ಯವೇ. ಅದೇ ಔರಂಗಾಬಾದಿನಲ್ಲಿ ಹುಟ್ಟಿದ ಬಿ. ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ನಮ್ಮ ಜಿಲ್ಲೆಯ ಹಿರಿಯರ ಬಾಯಲ್ಲಿ ಜೈಭೀಮ್ ಅನ್ನೋ ಮಾತು ಗಟ್ಟಿಯಾಗಿದ್ದು ಅದರ ಆಸುಪಾಸಿನಲ್ಲೇ. ಆ ಮಾತಿನ ಗುಣ ನೋಡ್ರಿ, ಅದರಾಗ ಏಕವಚನನೂ ಇಲ್ಲ, ಬಹುವಚನನೂ ಇಲ್ಲ. ಮಂತ್ರಿಗೂ ಜೈಭೀಮ್, ಹಲಗಿ ಬಾರಿಸೋನಿಗೂ ಜೈಭೀಮ್.

ಅಪ್ಪನ ಸಾಲಿ ಹನುಮಪ್ಪನ ಗುಡಿ ಪಡಸಾಲ್ಯಾಗ. ನಮ್ಮವರಿಗೆ ಗುಡಿಯೊಳಗ ಪ್ರವೇಶ ಇಲ್ಲ, ಅಂದ ಮ್ಯಾಲ ಸಾಲಿಯೊಳಗೂ ಇಲ್ಲ. ಅಪ್ಪ ಮೆಟ್ಟಿಲ ಕೆಳಗ ಮಣ್ಣಾಗ ಬೆರಳಿಲೆ ಬರೀತಿದ್ದ. ಮಾಸ್ತರು ತಪ್ಪು ತಿದ್ದೋಕೆ ಕೈ ಮುಟ್ಟಬೇಕಲ್ಲ, ಮುಟ್ಟೋಹಾಂಗಿಲ್ಲ. ಅದಕ್ಕ ಉದ್ದನ ಕೋಲಿನ ತುದಿಲೆ ಮಣ್ಣು ಕೆದರಿ ತೋರಿಸ್ತಿದ್ರಂತ. ಎರಡು ವರ್ಷಕ್ಕ ಅಪ್ಪ ಬಿಟ್ಟ. ಅಪ್ಪನ ಸಹಿ ಇವತ್ತಿಗೂ ದೊಡ್ಡ ದೊಡ್ಡ ಅಕ್ಷರದಾಗ, ಮಣ್ಣಾಗ ಬರೆದಂಗೆ ಇರ್ತದ.

ನನ್ನ ಕಾಲಕ್ಕ ಒಬ್ಬ ಮಾಸ್ತರು ಬಂದ್ರು. ಯಾವ ಜಾತಿ ಅಂತ ಅವಾಗ ಗೊತ್ತಿದ್ದಿಲ್ಲ, ಈಗ ಗೊತ್ತದ, ಬರೆಯೋದಿಲ್ಲ. ಮೊದಲ ದಿನ ನನ್ನ ಹಿಂದ ಬಂದು ಕುಂತು, ನನ್ನ ಮುಷ್ಟಿ ಮ್ಯಾಲ ತಮ್ಮ ಮುಷ್ಟಿ ಇಟ್ಟು, ಪಾಟಿ ಮ್ಯಾಲ ಅ ತಿದ್ದಿಸಿದ್ರು. ಅವರ ಬೆವರು ನನ್ನ ಕೈಗೆ ಹತ್ತಿತ್ತು. ಮನಿಗೆ ಬಂದು ಆಯಿಗೆ ಹೇಳಿದೆ, ಮಾಸ್ತರು ಕೈ ಹಿಡಿದ್ರು ಅಂತ. ಆಕಿ ಮೊದಲು ಹೊಡದ್ರೇನೋ ಅಂತ ತಿಳದ್ಳು. ಅಲ್ಲ ಅಂದ ಮ್ಯಾಲ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕರತಿ ಇರೋ ಮನಷ್ಯಾ ಇರಬೇಕು" ಅಂದ್ಳು.

ಇದನ್ನ ಯಾಕ ಹೇಳಿದೆ ಅಂದ್ರ, ನಮ್ಮ ಆಯಿ ಆ ಮಾತನ್ನ ಯಾರಿಗೆ ಬಳಸ್ತಿದ್ಳು, ಯಾರಿಗೆ ಬಳಸ್ತಿರಲಿಲ್ಲ ಅನ್ನೋದೇ ನನ್ನ ಹತ್ರ ಇರೋ ದೊಡ್ಡ ದಾಖಲೆ. ಕೇರಿ ಪಕ್ಕದ ಪಿಂಜಾರರ ಮನಿಯ ಒಬ್ಬ ಹೆಣ್ಣುಮಗಳು ನಮ್ಮವ್ವನ ಬಾಣಂತನದಾಗ ಹನ್ನೊಂದು ದಿನ ಬಂದು ಕೂಸಿಗೆ ನೀರು ಹಾಕಿದ್ಳು, ನಮ್ಮ ಒಲಿ ಮುಂದ ಕುಂತು ನಮ್ಮ ರೊಟ್ಟಿ ತಿಂದಳು. ಆಕಿ ಬಗ್ಗೆ ಆಯಿ ಸಾಯೋತನ "ಭಾಳ ಅಕ್ಕರತಿ ಹೆಣ್ಣು" ಅಂತಿದ್ಳು. ಅದೇ ಆಯಿ ಐವತ್ತು ವರ್ಷ ಗೌಡರ ಮನಿ ದನದ ಕೊಟ್ಟಿಗಿ ಬಳದಾಕಿ. ಹಬ್ಬದ ಮರುದಿನ ಹಳಸಿದ ಹೋಳಿಗಿ ಬರ್ತಿತ್ತು, ಹಳೇ ಸೀರಿ ಬರ್ತಿತ್ತು, ಜ್ವರ ಬಂದ್ರ ಒಂದು ಗುಳಿಗಿನೂ ಬರ್ತಿತ್ತು. ಎಲ್ಲಾ ಮ್ಯಾಲಿಂದ ಸೆರಗಿಗೆ ಬೀಳೋದು. ಆಯಿ "ಕೊಟ್ರು" ಅಂತಿದ್ಳು, "ಪುಣ್ಯಾತಗಿತ್ತಿ" ಅಂತನೂ ಅಂತಿದ್ಳು. ಅಕ್ಕರತಿ ಅಂದಿದ್ದು ನಾನು ಒಂದು ಸಲನೂ ಕೇಳಿಲ್ಲ.

ಕಾಲೇಜಿಗೆ ಹೋಗೋವಾಗ, ಡಿಎಸ್‌ಎಸ್ ಅಧ್ಯಯನ ಶಿಬಿರ ಮುಗಿಸಿ ಬಂದ ಬಿಸಿಯೊಳಗ, ಆಯಿಗೆ ಕೇಳಿದ್ದೆ: "ಆಯಿ, ಗೌಡ್ತಿಗೆ ನಿನ್ನ ಮ್ಯಾಗ ಅಕ್ಕರತಿ ಇತ್ತೇನು?"

ಆಕಿ ಅಕ್ಕಿ ಹಸನ ಮಾಡಕತ್ತಿದ್ಳು. ಮಾರಿ ಎತ್ತಲೂ ಇಲ್ಲ. "ಅಕ್ಕರತಿ ಇದ್ರ ಒಳಗ ಕರೀತಿದ್ಳು" ಅಂದು ಮೊರ ಕೇರೋಕೆ ಹತ್ತಿದ್ಳು.

ನಿಘಂಟಿನವರು ಪ್ರೀತಿ, ಮಮತೆ, ಆಸ್ಥೆ ಅಂತ ಅರ್ಥ ಕೊಟ್ಟಾರ. ಆಯಿ ಕೊಟ್ಟ ಅರ್ಥಕ್ಕ ಹೊಸ್ತಿಲ ಅದ. ದಾಟಿಸ್ತಾರೋ ಇಲ್ಲೋ, ಅಷ್ಟೇ ಅಳತಿ.

ಈ ಹೊಸ್ತಿಲ ವಿಷಯ ಬಂದಾಗ ಹನ್ನೆರಡನೇ ಶತಮಾನ ನೆನಪಾಗಲೇಬೇಕು. ಬಸವಣ್ಣನವರು ಮಾದಾರ ಚೆನ್ನಯ್ಯನನ್ನ, ಡೋಹರ ಕಕ್ಕಯ್ಯನನ್ನ ತಮ್ಮ ಅಪ್ಪ, ಹಿರಿಯ ಅಂತ ಕರಕೊಂಡರು. ಗಮನಿಸ್ರಿ, ಮಗ ಅಂತ ಕರೀಲಿಲ್ಲ, ಮುದ್ದಿನಿಂದ ಕೆಳಗ ಬಗ್ಗಿ ಕರೀಲಿಲ್ಲ. ಅಪ್ಪ ಅಂದರು. ನಮ್ಮ ಕಡೆಯಿಂದ ಮ್ಯಾಲಕ್ಕ ಹೋಗಿ ವಾಪಸ್ ಬರದ ಆ "ಅಪ್ಪ" ಇತಿಹಾಸದೊಳಗ ಒಂದು ಸಲ ವಾಪಸ್ ಬಂತು. ಶಿವ ಚೋಳ ರಾಜನ ಭಕ್ಷ್ಯ ಬಿಟ್ಟು ಚೆನ್ನಯ್ಯನ ಮನಿ ಅಂಬಲಿ ಉಂಡ ಅನ್ನೋ ಕಥಿನೂ ನಿಮಗೆಲ್ಲಾ ಗೊತ್ತು. ಅಲ್ಲೂ ನೋಡ್ರಿ, ದೇವರು ಅಂಬಲಿ ಹೊರಗ ತರಿಸಿಕೊಳ್ಳಲಿಲ್ಲ, ಒಳಗ ಹೋಗಿ ಉಂಡ. ಅಕ್ಷರದ ವಿಷಯಕ್ಕ ಉರಿಲಿಂಗಪೆದ್ದಿ ಇದ್ದಾನ, ನಮ್ಮವನು. ಆತನ ವಚನಗಳ ತುಂಬ ಸಂಸ್ಕೃತದ ಉಲ್ಲೇಖಗಳು. ಕೇಳೋಕೂ ಬಿಡದ ಭಾಷೆಯನ್ನ ಕಲಿತು, ಸಾಕ್ಷಿಗೆ ಅವರದೇ ಶ್ಲೋಕ ನಿಲ್ಲಿಸಿದ. ಅಕ್ಕರಿಗ ಅಂದ್ರ ಅವನು.

ಬಸವ ಜಯಂತಿಗೆ ಈ ಕಥಿ ಹೇಳೋರು ಇವತ್ತು ನಮ್ಮ ಕೇರಿಗೂ ಬರ್ತಾರ. ಚುನಾವಣಿ ವರ್ಷ ಬಂದ್ರ ಊಟಕ್ಕೂ ಬರ್ತಾರ. ಹೋಟೆಲಿನಿಂದ ಇಡ್ಲಿ, ಬಾಟ್ಲಿ ನೀರು, ಬಳಸಿ ಒಗೆಯೋ ತಟ್ಟಿ, ಕ್ಯಾಮೆರಾ. ಅಂಬಲಿ ನಮ್ಮ ಗಡಿಗ್ಯಾಗೇ ಉಳೀತದ.

ಇನ್ನೊಂದು ಮಾತು ಬರೆಯೋಕೆ ಕೈ ತಡೀತದ, ಆದರ ಬಿಟ್ರ ಸುಳ್ಳಾಗ್ತದ. ನಮ್ಮ ಸೀಮಿಯೊಳಗ ದೇವರ ಹೆಸರಿಲೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬಗ್ಗೆ ಊರವರು ಹೇಳೋವಾಗ "ಇಂಥ ದೊಡ್ಡವರಿಗೆ ಆಕಿ ಮ್ಯಾಲ ಭಾಳ ಅಕ್ಕರತಿ ಇತ್ತು" ಅಂತಿದ್ರು. ಆಕಿಯ ಮಕ್ಕಳು ಸಾಲಿ ರಜಿಸ್ಟರಿನಾಗ ಅಪ್ಪನ ಹೆಸರಿನ ಜಾಗ ಖಾಲಿ ಬಿಡ್ತಿದ್ರು. ದೇವದಾಸಿ ಪದ್ಧತಿ ವಿರುದ್ಧ ರಾಜ್ಯದ ಕಾಯ್ದೆ ಬಂದಿದ್ದು 1982ರಲ್ಲಿ. ಆ ಖಾಲಿ ಜಾಗದ ಮುಂದ ನಿಂತ ಒಬ್ಬ ಗೆಳೆಯ ನನ್ನ ಕ್ಲಾಸಿನಾಗೇ ಇದ್ದ. ಅಪ್ಪ ಅನ್ನೋ ಶಬ್ದವನ್ನ ಊರೆಲ್ಲಾ ಹಂಚಿಕೊಂಡು ಅವನಿಗೊಂದು ಉಳಿಸಿದ್ದಿಲ್ಲ.

ನಮ್ಮೊಳಗೂ ಹುಳುಕು ಅದ, ಮುಚ್ಚಿಡೋದಿಲ್ಲ. ಮಾದಿಗರ ಕೇರಿಯ ಬೋರಿಂಗಿಗೆ ಹೊಲೆಯರು ಬರೋದಿಲ್ಲ, ಅವರ ಕಡೆ ನಾವು ಹೋಗೋದಿಲ್ಲ, ಅಂಥ ಹಳ್ಳಿಗಳು ಅವ. ವೇದಿಕೆ ಮ್ಯಾಲ ಅಣ್ಣ ತಮ್ಮ, ಲಗ್ನದಾಗ ಬ್ಯಾರೆ ಬ್ಯಾರೆ. ಇನ್ನು ಮನಿಯೊಳಗ ಹೆಂಡತಿಗೆ "ಏ ಇವಳೇ" ಅನ್ನೋ ಕಾರ್ಯಕರ್ತರ ಲಿಸ್ಟು ಮಾಡಿದ್ರ ಮೊದಲು ನನ್ನ ಹೆಸರು ಬರಬಹುದು. ಈ ಪೋಸ್ಟ್ ಆಕಿ ಓದ್ತಾಳ ಅಂತ ಗೊತ್ತದ.

ಬಾಬಾಸಾಹೇಬರು ಸಂವಿಧಾನದ ಪ್ರಸ್ತಾವನೆಯಲ್ಲಿ ಸ್ವಾತಂತ್ರ್ಯ, ಸಮಾನತೆ ಜೊತೆಗೆ ಮೂರನೇ ಮಾತೊಂದನ್ನು ಉಳಿಸಿದರು. ಕನ್ನಡದಲ್ಲಿ ಅದಕ್ಕೆ ಭ್ರಾತೃತ್ವ ಅಂತ ಬರೆದಾರೆ, ಕೆಲವರು ಬಂಧುತ್ವ ಅಂತಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಭಾಷಣದಲ್ಲಿ ಈ ಮೂರನ್ನೂ ಬಿಡಿಬಿಡಿಯಾಗಿ ನೋಡಬೇಡಿ, ಒಂದನ್ನು ತೆಗೆದರೆ ಉಳಿದವು ನಿಲ್ಲೋದಿಲ್ಲ ಅನ್ನೋ ಅರ್ಥದಲ್ಲಿ ಹೇಳಿದರು. 1954ರ ರೇಡಿಯೋ ಭಾಷಣದಲ್ಲಿ ಈ ಮೂರನ್ನು ತಾನು ಫ್ರೆಂಚ್ ಕ್ರಾಂತಿಯಿಂದ ತಂದಿದ್ದಲ್ಲ, ತನ್ನ ಗುರು ಬುದ್ಧನಿಂದ ತಂದಿದ್ದು ಅಂದರು. ಬುದ್ಧನ ಮಾತಿನಲ್ಲಿ ಅದು ಮೈತ್ರಿ. ಅವರು ಕರುಣೆಗೂ ಮೈತ್ರಿಗೂ ಫರಕು ಹೇಳ್ತಾರ. ಕರುಣೆ ದುಃಖದಲ್ಲಿ ಇರೋರ ಕಡೆ ಹರಿಯೋದು. ಮೈತ್ರಿಗೆ ಎದುರಿಗಿನವ ದುಃಖದಲ್ಲಿ ಇರಲೇಬೇಕು ಅಂತಿಲ್ಲ, ಎಲ್ಲ ಜೀವದ ಕಡೆಗೂ ಅದು ಹೋಗ್ತದ.

ಗೌಡ್ತಿಗೆ ಇದ್ದಿದ್ದು ಕರುಣೆ. ಇದ್ದಿದ್ದನ್ನ ಇಲ್ಲ ಅನ್ನೋದಿಲ್ಲ, ಜ್ವರದ ಗುಳಿಗಿ ನಮ್ಮ ಆಯಿಯನ್ನ ಒಂದೆರಡು ಸಲ ಉಳಿಸ್ಯಾವ. ಆದರ ಆ ಕರುಣೆ ಉಳೀಬೇಕು ಅಂದ್ರ ನಾವು ಯಾವಾಗಲೂ ಜ್ವರದಾಗೇ ಇರಬೇಕಿತ್ತು. ಹುಡುಗ ಡಿಗ್ರಿ ಓದಿ, ಇಸ್ತ್ರಿ ಅಂಗಿ ಹಾಕಿ, ತನ್ನ ರೊಕ್ಕ ಕೊಟ್ಟು ಚಾ ಕೇಳಿದ ತಕ್ಷಣ ಅದು ಎಲ್ಲಿ ಹೋತು?

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ನಮ್ಮ ಯಾದಗಿರಿ ಜಿಲ್ಲೆಯದು ಶೇ. 51.83. ಇಡೀ ರಾಜ್ಯದಲ್ಲಿ ಕಡೆಯ ಸ್ಥಾನ. ಇಂಥ ಜಿಲ್ಲೆಯೊಳಗ, ಅದರಾಗೂ ಕೇರಿಯಿಂದ, ಒಂದು ಹುಡುಗ ಕಾಲೇಜು ಮುಟ್ಟೋದು ಎಷ್ಟು ಜನರ ಅಕ್ಕರತಿಯ ಕೂಲಿ ಅಂತ ಆ ಸಭೆಯೊಳಗ ಕುಂತವರಿಗೆ ಗೊತ್ತಿಲ್ಲ. ಅವನ ಅವ್ವ ಪುಣೆಗೆ ಗುಳೆ ಹೋಗಿ ಕಟ್ಟಡದ ಕೆಲಸದಾಗ ಬುಟ್ಟಿ ಹೊತ್ತಾಳ. ಅವನ ಅಕ್ಕ ಏಳನೇತ್ತಕ್ಕ ಸಾಲಿ ಬಿಟ್ಟು ನಾಟಿಗೆ ಹೋಗ್ಯಾಳ. ಅಕ್ಕರತಿ ಅಂದ್ರ ಅದು. ಅದಕ್ಕ ಯಾವ ಕಣದಾಗೂ ಆಯ ಕೊಡೋರಿಲ್ಲ.

ಹುಣಸಗಿ ಅಂದ್ರ ಪುರಾತತ್ವದವರಿಗೆ ಪ್ರಪಂಚದ ನಕಾಶೆಯೊಳಗಿನ ಊರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ವರ್ಷಗಟ್ಟಲೆ ಅಲೆದು ಹುಣಸಗಿ, ಬೈಚಬಾಳ ಬಯಲುಗಳಲ್ಲಿ ಆದಿಮಾನವರ ನೆಲೆಗಳನ್ನ ಹುಡುಕಿದರು. ಇಸಾಂಪುರದ ಕಲ್ಲಿನ ಆಯುಧಗಳು ಸುಮಾರು 12 ಲಕ್ಷ ವರ್ಷ ಹಳೆಯವು ಅಂತಾರ. ಆ ಕೈಗೊಡಲಿ ಹಿಡಿದವರಿಗೆ ಜಾತಿ ಇದ್ದಿದ್ದಿಲ್ಲ, ನೀರು ಕುಡಿಯೋ ಹಳ್ಳಕ್ಕೂ ಇದ್ದಿದ್ದಿಲ್ಲ. ಆ ಲೆಕ್ಕದಾಗ ಗ್ಲಾಸು ಬ್ಯಾರೆ ಇಟ್ಟಿದ್ದು ನಿನ್ನೆ ಮೊನ್ನಿ ಮಾತು. ಇಷ್ಟು ಹೊತ್ತು ಸಿಟ್ಟಿನಲ್ಲಿ ಬರೆದ ನನಗೆ ಇದೊಂದು ಸಣ್ಣ ಸಮಾಧಾನ, ಅದಕ್ಕ ಇಲ್ಲಿ ಸೇರಿಸಿದೆ.

ಸಭೆಯೊಳಗ ಕಡೀಗೆ ಏನಾತು ಅಂತ ಕೇಳ್ತೀರಿ. ನಾನು ಎದ್ದು ನಿಂತು ಆ ಹಿರಿಯರಿಗೆ ಒಂದೇ ಮಾತು ಕೇಳಿದೆ: "ಯಜಮಾನ್ರೇ, ಅಕ್ಕರತಿ ಇತ್ತು ಅಂದ್ರಿ, ಬರೋಬ್ಬರಿ. ಇಲ್ಲಿ ಕುಂತಾರಲ್ಲ ನಮ್ಮ ಈ ಇಬ್ಬರು ಹಿರಿಯರು, ನಿಮ್ಮ ಮನಿ ಪಡಸಾಲಿ ಎಷ್ಟು ಸಲ ನೋಡ್ಯಾರ?" ಆತ ಸಿಟ್ಟಾಗಲಿಲ್ಲ. ನೆಲ ನೋಡಿದ್ರು. ತಲಿ ಅಳ್ಳಾಡಿಸಿದ್ದ ನಮ್ಮ ಇಬ್ಬರಲ್ಲಿ ಒಬ್ಬರು ಮೆಲ್ಲಗ, "ಕೊಟ್ಟಿಗಿ ನೋಡೀನಿ" ಅಂದ್ರು. ಯಾರೋ ನಕ್ಕರು. ಆಮ್ಯಾಲ ಯಾರೂ ನಗಲಿಲ್ಲ.

ಹುಡುಗ ದೂರು ಕೊಟ್ಟಾನ, ವಾಪಸ್ ತಗೊಂಡಿಲ್ಲ. ಹೋಟೆಲಿನವರು ಗಾಜಿನ ಗ್ಲಾಸೂ ತೆಗೆದಾರ, ಪ್ಲಾಸ್ಟಿಕ್ ಲೋಟನೂ ತೆಗೆದಾರ. ಈಗ ಎಲ್ಲಾರಿಗೂ ಕುಡಿದು ಒಗೆಯೋ ಕಾಗದದ ಕಪ್ಪು. ಸಮಸ್ಯಾ ಬಗಿಹರೀತು ಅಂತ ಫೋನ್ ಮಾಡಿ ಹೇಳಿದ್ರು.

ನಿಮ್ಮ ಮನಿಯೊಳಗ ಆಯಿ, ಮುತ್ಯಾ ಇನ್ನೂ ಇದ್ರ, ಈ ಮಾತನ್ನ ಅವರು ಯಾರಿಗೆ ಬಳಸ್ತಾರ, ಯಾರಿಗೆ ಬಳಸೋದಿಲ್ಲ ಅಂತ ಕೇಳಿ ಬರಕೊಳ್ರಿ. ನಮ್ಮ ಆಯಿ ಹೋಗಿ ಒಂಬತ್ತು ವರ್ಷ ಆತು, ನಾನು ಇನ್ನೂ ನಾಕು ಶಬ್ದ ಕೇಳೋದಿತ್ತು.

ಜೈಭೀಮ್.